ಹೆಬ್ಬಾವು ಒಡತಿಯ ಅಳತೆ ತೆಗೆದುಕೊಂಡಿತಾ? ಹಾವುಗಳಿಗೆ ಮನೆ ಕಟ್ಟಿದ ಜೋನ್ ಪ್ರಾಕ್ಟರ್ ಕಥೆ

ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಒಬ್ಬ ಹೆಣ್ಣುಮಗಳು ಹೆಬ್ಬಾವು ಸಾಕಿದ್ದಳಂತೆ. ಅದು ಕೆಲವು ದಿನಗಳಿಂದ ಊಟ ಬಿಟ್ಟು, ರಾತ್ರಿ ಅವಳ ಪಕ್ಕದಲ್ಲೇ ಉದ್ದಕ್ಕೆ ಚಾಚಿಕೊಂಡು ಮಲಗುತ್ತಿತ್ತಂತೆ. ಪ್ರೀತಿ ಹೆಚ್ಚಾಗಿದೆ ಅಂದುಕೊಂಡು ಅವಳು ಡಾಕ್ಟರ್ ಹತ್ತಿರ ಹೋದರೆ, ಅವರು ಬೆವರು ಒರೆಸಿಕೊಳ್ಳುತ್ತಾ ಹೇಳಿದರಂತೆ: ಅದು ನಿನ್ನನ್ನು ನುಂಗಲು ಅಳತೆ ತೆಗೆದುಕೊಳ್ಳುತ್ತಿದೆ, ಹೊಟ್ಟೆಯಲ್ಲಿ ಜಾಗ ಮಾಡಿಕೊಳ್ಳಲು ಉಪವಾಸ ಇದೆ ಎಂದು. ಕೊನೆಗೆ ಒಂದು ನೀತಿ: ಪಕ್ಕದಲ್ಲಿ ಮಲಗುವವರನ್ನೆಲ್ಲ ನಂಬಬೇಡಿ.

ಕಳೆದ ಶ್ರಾವಣದಲ್ಲಿ ಲಚ್ಯಾಣದಿಂದ ನಮ್ಮ ಕಾಕಾ ಇದನ್ನು ಮನೆಯ ಗುಂಪಿಗೆ ಕಳಿಸಿದರು. ಅದರ ಬೆನ್ನಿಗೇ ಇನ್ನೊಬ್ಬರು ಒಂದು ವಿಡಿಯೋ ಹಾಕಿದರು. ಅದರಲ್ಲಿ ಹುಡುಗನೊಬ್ಬ ದೊಡ್ಡ ಹೆಬ್ಬಾವನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ನಗುತ್ತಿದ್ದ. ಹತ್ತು ನಿಮಿಷದಲ್ಲಿ ಒಂದೇ ಗುಂಪಿನಲ್ಲಿ ಎರಡು ಪಾಠ ಆದವು. ಒಂದು, ಹಾವು ಸಂಚು ಹೂಡುವ ರಾಕ್ಷಸ. ಇನ್ನೊಂದು, ಹಾವು ನಾಯಿಮರಿಯಷ್ಟೇ ಸಾಧು.

ಎರಡೂ ಸುಳ್ಳು. ಎರಡಕ್ಕೂ ಸರಿಯಾದ ಉತ್ತರವನ್ನು ಸುಮಾರು ನೂರು ವರ್ಷದ ಹಿಂದೆಯೇ ಒಬ್ಬ ಹೆಣ್ಣುಮಗಳು ತನ್ನ ಕೆಲಸದಿಂದ ತೋರಿಸಿಕೊಟ್ಟಿದ್ದಾಳೆ. ಅವಳ ಹೆಸರು ಜೋನ್ ಬೋಶಾಂಪ್ ಪ್ರಾಕ್ಟರ್. ಬದುಕಿದ್ದು 34 ವರ್ಷ ಮಾತ್ರ.

ಮೊದಲು ಫಾರ್ವರ್ಡ್ ವಿಷಯ ಮುಗಿಸೋಣ

ಹೆಬ್ಬಾವು ಅಳತೆ ತೆಗೆಯುವುದಿಲ್ಲ. ಅದು ಕಾಡಿನಲ್ಲಿ ಬೇಟೆಯಾಡುವ ರೀತಿ ನೋಡಿದರೆ ಇದು ಅರ್ಥವಾಗುತ್ತದೆ. ಸುರುಳಿ ಸುತ್ತಿಕೊಂಡು ಅಲ್ಲಾಡದೆ ಕಾಯುತ್ತದೆ. ಬೇಟೆ ಹತ್ತಿರ ಬಂದ ಕೂಡಲೇ ಬಾಯಿ ಹಾಕುತ್ತದೆ, ಸುತ್ತಿಕೊಳ್ಳುತ್ತದೆ. ಜಿಂಕೆ ಮರಿಯ ಪಕ್ಕ ಹೋಗಿ ಉದ್ದಕ್ಕೆ ಮಲಗಿ ನೋಡಿದರೆ ಆ ಮರಿ ಅಲ್ಲಿ ಕೂತಿರುತ್ತದೆಯೇ?

ಉಪವಾಸದ ಮಾತೂ ಹಾಗೆಯೇ. ಹಾವುಗಳು ವಾರಗಟ್ಟಲೆ ಊಟ ಬಿಡುವುದು ಸಾಮಾನ್ಯ. ಪೊರೆ ಬಿಡುವ ಮುಂಚೆ, ಚಳಿಗೆ, ಮರಿ ಮಾಡುವ ಕಾಲಕ್ಕೆ, ಅಥವಾ ಇರುವ ಜಾಗ ತಣ್ಣಗಿದ್ದರೆ ತಿನ್ನುವುದಿಲ್ಲ. ಉಪವಾಸ ಇದ್ದಾಗ ಹೆಬ್ಬಾವಿನ ಕರುಳು ಹಿಗ್ಗುವುದಿಲ್ಲ, ಬದಲಿಗೆ ಕುಗ್ಗುತ್ತದೆ. ಊಟ ಮಾಡಿದ ಮೇಲೆಯೇ ಕರುಳು, ಪಿತ್ತಜನಕಾಂಗ, ಹೃದಯ ಎಲ್ಲ ದೊಡ್ಡದಾಗಿ ಕೆಲಸಕ್ಕೆ ಇಳಿಯುತ್ತವೆ. ಅಂದಮೇಲೆ ಉಪವಾಸ ಮಾಡಿ ಹೊಟ್ಟೆಯಲ್ಲಿ ಜಾಗ ಮಾಡಿಕೊಳ್ಳುವ ಲೆಕ್ಕವೇ ತಪ್ಪು.

ಮತ್ತೆ ಹಾಸಿಗೆಗೆ ಯಾಕೆ ಬಂತು? ಅಂಥದ್ದು ಎಲ್ಲಾದರೂ ನಡೆದಿದ್ದರೆ ಕಾರಣ ಬಹಳ ಸರಳ. ಹಾವಿಗೆ ತನ್ನ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಇಲ್ಲ, ಮನುಷ್ಯನ ಮೈ ಬೆಚ್ಚಗಿರುತ್ತದೆ. ಅಂದರೆ ಆ ಹಾವಿನ ಮನೆ ಸರಿ ಇಲ್ಲ. ಜೋನ್ ತನ್ನ ಆಯುಷ್ಯ ಕಳೆದದ್ದು ಇದೇ ವಿಷಯದಲ್ಲಿ.

ಶಾಲೆಗೆ ಮೊಸಳೆ ತಂದ ಹುಡುಗಿ

ಜೋನ್ ಹುಟ್ಟಿದ್ದು 1897ರ ಆಗಸ್ಟ್ 5ರಂದು, ಲಂಡನ್ನಿನಲ್ಲಿ. ತಂದೆ ಶೇರು ಪೇಟೆಯ ವ್ಯವಹಾರಸ್ಥ, ತಾಯಿಗೆ ಚಿತ್ರಕಲೆ ಗೊತ್ತಿತ್ತು. ಅಕ್ಕತಂಗಿಯರು ಇಬ್ಬರು. ಬೇರೆ ಮಕ್ಕಳು ಗೊಂಬೆ ಹಿಡಿದುಕೊಂಡು ತಿರುಗುವ ವಯಸ್ಸಿನಲ್ಲಿ ಜೋನ್ ಹಲ್ಲಿ, ಹಾವು ಸಾಕುತ್ತಿದ್ದಳು. ದೊಡ್ಡದೊಂದು ಹಲ್ಲಿಯನ್ನು ಎಲ್ಲಿ ಹೋದರೂ ಜೊತೆಗೆ ಒಯ್ಯುತ್ತಿದ್ದಳು.

16ನೇ ವಯಸ್ಸಿಗೆ ಒಂದು ಮೊಸಳೆ ಮರಿ ಸಿಕ್ಕಿತು. ಅದನ್ನು ಶಾಲೆಯ ಗಣಿತದ ತರಗತಿಗೂ ತಂದಳು. ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಆ ದಿನ ಗಣಿತ ಎಷ್ಟು ನಡೆಯಿತೋ ಏನೋ, ಮೊಸಳೆಯ ಸುದ್ದಿ ಮಾತ್ರ ಇಂದಿಗೂ ಉಳಿದಿದೆ.

ಕೇಳಲಿಕ್ಕೆ ತಮಾಷೆ ಅನ್ನಿಸುತ್ತದೆ. ಆದರೆ ಈ ಹುಡುಗಿಯ ಮೈಗೆ ಆರೋಗ್ಯ ಇರಲಿಲ್ಲ. ಚಿಕ್ಕಂದಿನಿಂದಲೇ ಕರುಳಿನ ಕಾಯಿಲೆ ಬೆನ್ನು ಹತ್ತಿತ್ತು. ಶಾಲೆ ಆಗಾಗ ತಪ್ಪುತ್ತಿತ್ತು. ಓದಿನಲ್ಲಿ ಚುರುಕಾಗಿದ್ದರೂ ಕಾಯಿಲೆಯ ಕಾರಣಕ್ಕೆ ಕೇಂಬ್ರಿಡ್ಜ್‌ಗೆ ಹೋಗಲಾಗಲಿಲ್ಲ. ಡಿಗ್ರಿ ಇಲ್ಲ, ಆರೋಗ್ಯ ಇಲ್ಲ, ಮೇಲಾಗಿ ಹೆಣ್ಣು. 1916ರ ಇಂಗ್ಲೆಂಡಿನಲ್ಲಿ ವಿಜ್ಞಾನದ ಬಾಗಿಲು ಮುಚ್ಚಲು ಇದರಲ್ಲಿ ಒಂದು ಸಾಕಿತ್ತು.

ಬಾಗಿಲು ತೆರೆದದ್ದು ಒಬ್ಬ ಗುರು. ಬ್ರಿಟಿಷ್ ಮ್ಯೂಸಿಯಂನ ನಿಸರ್ಗ ವಿಭಾಗದಲ್ಲಿ ಸರೀಸೃಪ ಮತ್ತು ಮೀನುಗಳ ಉಸ್ತುವಾರಿ ನೋಡುತ್ತಿದ್ದ ಜಾರ್ಜ್ ಬೌಲೆಂಜರ್ ಬಳಿ ಜೋನ್ ತನ್ನ ಪ್ರಾಣಿಗಳ ಬಗ್ಗೆ ಸಂದೇಹ ಕೇಳುತ್ತಿದ್ದಳು. ಈ ಹುಡುಗಿಗೆ ತಿಳಿದಿರುವುದು ಬರೀ ಹವ್ಯಾಸಿಗಳ ಮಟ್ಟದ್ದಲ್ಲ ಎಂದು ಅವನಿಗೆ ಗೊತ್ತಾಯಿತು. 1916ರಲ್ಲಿ ಸಹಾಯಕಿಯಾಗಿ ಕರೆದುಕೊಂಡ. ಈ ಬೌಲೆಂಜರ್ ನಮಗೂ ಸಂಬಂಧಪಟ್ಟವನೇ. ಭಾರತದ ಹಾವು, ಹಲ್ಲಿ, ಕಪ್ಪೆಗಳ ಬಗ್ಗೆ 1890ರಲ್ಲಿ ಬಂದ ದೊಡ್ಡ ಗ್ರಂಥ ಅವನದ್ದೇ. ನಮ್ಮ ಹೊಲದ ಬದುವಿನಲ್ಲಿ ಹರಿದಾಡುವ ಹಾವುಗಳ ವಿವರ ಅದರಲ್ಲಿದೆ.

19ನೇ ವಯಸ್ಸಿಗೆ ಜೋನ್ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ದಕ್ಷಿಣ ಅಮೆರಿಕದ ಒಂದು ವಿಷಸರ್ಪದ ಬಗ್ಗೆ ಪ್ರಬಂಧ ಓದಿದಳು. 1920ರಲ್ಲಿ ಗುರು ನಿವೃತ್ತನಾದಾಗ ಸರೀಸೃಪ ವಿಭಾಗದ ಹೊಣೆ ಇವಳ ಮೇಲೆ ಬಂತು. ಆಫ್ರಿಕಾದ ಒಂದು ವಿಚಿತ್ರ ಆಮೆಯ ಬಗ್ಗೆ ಬರೆದಳು. ಅದರ ಚಿಪ್ಪು ಗಟ್ಟಿಯಲ್ಲ, ಬಾಗುತ್ತದೆ. ಅಪಾಯ ಬಂದರೆ ಬಂಡೆಯ ಬಿರುಕಿನೊಳಗೆ ನುಗ್ಗಿ ಅವಿತುಕೊಳ್ಳುತ್ತದೆ. ಪ್ರಾಣಿಗಳ ಮೈ ಮತ್ತು ಅವು ಇರುವ ಜಾಗ ಒಂದಕ್ಕೊಂದು ಹೇಗೆ ಹೊಂದಿಕೊಂಡಿರುತ್ತವೆ ಎಂಬುದನ್ನು ಅವಳು ಅಲ್ಲಿಂದಲೇ ನೋಡುತ್ತಾ ಬಂದಿದ್ದಳು.

ಹಾವುಗಳ ಮನೆ ಅಂದರೆ ಏನಿತ್ತು ಆಗ?

1923ರಲ್ಲಿ ಜೋನ್ ಲಂಡನ್ ಮೃಗಾಲಯದ ಸರೀಸೃಪಗಳ ಮೇಲ್ವಿಚಾರಕಿಯಾದಳು. ಆಗ ಅವಳ ವಯಸ್ಸು 26. ಅದಕ್ಕೂ ಮುಂಚೆ ಅಲ್ಲಿನ ಹೊಸ ಮತ್ಸ್ಯಾಲಯಕ್ಕೆ ಬಂಡೆಗಳ ಹಿನ್ನೆಲೆ ವಿನ್ಯಾಸ ಮಾಡಿಕೊಟ್ಟಿದ್ದಳು. ತಾಯಿಯ ಕಲೆ, ಗುರುವಿನ ವಿಜ್ಞಾನ ಎರಡೂ ಅಲ್ಲಿ ಕೂಡಿಬಂದವು.

ಹಾವು ಹಿಡಿಯುವುದರಲ್ಲಿ ಮನುಷ್ಯ ಮಾಡುವ ತಪ್ಪಿಗೆ ಈ ಮೃಗಾಲಯದಲ್ಲೇ ಹಳೆಯ ಉದಾಹರಣೆ ಒಂದಿತ್ತು. 1852ರಲ್ಲಿ ಇಲ್ಲಿನ ಒಬ್ಬ ಕಾವಲುಗಾರ ಕುಡಿದ ಮತ್ತಿನಲ್ಲಿ ನಾಗರಹಾವನ್ನು ಹೊರಗೆ ತೆಗೆದು ಆಡಿಸಲು ಹೋದ. ಅದು ಮೂಗಿಗೆ ಕಚ್ಚಿತು. ಅವನು ಉಳಿಯಲಿಲ್ಲ. ಇವತ್ತು ರೀಲ್ಸ್ ಮಾಡಲು ನಾಗರಹಾವಿನ ಮುಂದೆ ಮುಖ ಹಿಡಿಯುವವರಿಗೂ ಅವನಿಗೂ ಇರುವ ವ್ಯತ್ಯಾಸ ಒಂದು ಫೋನ್ ಮಾತ್ರ.

ಜೋನ್ ಬಂದಾಗ ಇದ್ದದ್ದು 1883ರ ಹಳೆಯ ಕಟ್ಟಡ. ಆ ಕಾಲದಲ್ಲಿ ಹಾವುಗಳ ಮನೆ ಅಂದರೆ ಇಡೀ ಕೋಣೆಯನ್ನು ಒಂದೇ ಸಮ ಬಿಸಿ ಮಾಡುವುದು. ಹಾವು ಬಿಸಿ ದೇಶದ್ದು, ಬಿಸಿ ಕೊಟ್ಟರೆ ಸಾಕು ಎಂಬ ಲೆಕ್ಕ. ಜೋನ್‌ಗೆ ಈ ಲೆಕ್ಕ ಒಪ್ಪಿಗೆ ಇರಲಿಲ್ಲ.

ನಮ್ಮ ಕಡೆಯ ಬೇಸಿಗೆಯನ್ನೇ ನೆನಪಿಸಿಕೊಳ್ಳಿ. ಇಂಡಿ, ಸಿಂದಗಿ ಕಡೆ ಮೇ ತಿಂಗಳ ಮಧ್ಯಾಹ್ನ ಹೊಲದಲ್ಲಿ ಒಂದು ಹಾವೂ ಕಾಣುವುದಿಲ್ಲ. ಬಿಲದಲ್ಲಿ, ಬಣವೆಯ ಕೆಳಗೆ, ಬಾವಿಯ ಕಲ್ಲಿನ ಸಂದಿಯಲ್ಲಿ ತಣ್ಣಗೆ ಇರುತ್ತವೆ. ಚಳಿಗಾಲದ ಬೆಳಗ್ಗೆ ಅದೇ ಹಾವು ಬದುವಿನ ಮೇಲೆ ಬಿಸಿಲಿಗೆ ಮೈ ಒಡ್ಡಿರುತ್ತದೆ. ಅಂದರೆ ಹಾವಿಗೆ ಬೇಕಾದದ್ದು ಬರೀ ಬಿಸಿ ಅಲ್ಲ. ಬಿಸಿ ಮತ್ತು ತಂಪು ಎರಡೂ ಇರಬೇಕು, ಯಾವುದು ಯಾವಾಗ ಎಂದು ಆರಿಸಿಕೊಳ್ಳುವ ಅವಕಾಶ ಇರಬೇಕು.

1927: ಆಯ್ಕೆ ಇರುವ ಮನೆ

ವಾಸ್ತುಶಿಲ್ಪಿ ಗೈ ಡಾಬರ್ ಜೊತೆ ಸೇರಿ ಜೋನ್ ಹೊಸ ಸರೀಸೃಪ ಗೃಹ ರೂಪಿಸಿದಳು. 1927ರಲ್ಲಿ ಅದು ತೆರೆಯಿತು. ನೀವು ಅದನ್ನು ನೋಡಿರಲೂಬಹುದು. 2001ರ ಮೊದಲ ಹ್ಯಾರಿ ಪಾಟರ್ ಸಿನಿಮಾದಲ್ಲಿ ಹುಡುಗ ಗಾಜಿನಾಚೆಯ ದೊಡ್ಡ ಹಾವಿನ ಜೊತೆ ಮಾತಾಡುವ ದೃಶ್ಯ ತೆಗೆದದ್ದು ಇದೇ ಕಟ್ಟಡದಲ್ಲಿ.

ಆ ಮನೆಯಲ್ಲಿ ಏನು ಹೊಸದು?

ಬಿಸಿ ಒಂದು ಕಡೆ, ತಂಪು ಒಂದು ಕಡೆ. ಇಡೀ ಕೋಣೆ ಕಾಯಿಸುವ ಬದಲು ಪ್ರತಿ ಗೂಡಿನಲ್ಲಿ ಬೇಕಾದ ಜಾಗಕ್ಕೆ ಮಾತ್ರ ವಿದ್ಯುತ್ ಶಾಖ. ಹಾವು ತಾನೇ ಸರಿದು ತನಗೆ ಬೇಕಾದಷ್ಟು ಬಿಸಿ ತೆಗೆದುಕೊಳ್ಳಬಹುದು. ಇಂದು ಜಗತ್ತಿನ ಯಾವುದೇ ಒಳ್ಳೆಯ ಮೃಗಾಲಯದಲ್ಲಿ ಹೆಬ್ಬಾವಿನ ಗೂಡು ನೋಡಿದರೂ ಇದೇ ನಿಯಮ. ಬೆಚ್ಚಗಿನ ಮೂಲೆಯಲ್ಲಿ ಸುಮಾರು 30ರಿಂದ 32 ಡಿಗ್ರಿ, ಇನ್ನೊಂದು ತುದಿ ಅದಕ್ಕಿಂತ ತಂಪು. ಶಾಖ ಹದ್ದು ಮೀರದಂತೆ ಥರ್ಮೋಸ್ಟಾಟ್, ಹಾವು ನೇರವಾಗಿ ಮುಟ್ಟದಂತೆ ಬಲ್ಬಿಗೆ ಜಾಲರಿ. ಯಾಕೆಂದರೆ ಮೈ ಸುಡುತ್ತಿದ್ದರೂ ಹಾವು ಬಿಸಿಯ ಮೇಲಿಂದ ಎಷ್ಟೋ ಸಲ ಸರಿಯುವುದಿಲ್ಲ. ಸಾಕಿದ ಹಾವುಗಳಲ್ಲಿ ಸುಟ್ಟ ಗಾಯ ಸಾಮಾನ್ಯ.

ಬಿಸಿಲು ಒಳಗೆ ಬರಬೇಕು. ಸಾಮಾನ್ಯ ಗಾಜು ಬೆಳಕನ್ನು ಬಿಡುತ್ತದೆ, ಆದರೆ ಮೈಯಲ್ಲಿ ಡಿ ಜೀವಸತ್ವ ಮಾಡಿಸುವ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಆ ಕಿರಣವನ್ನು ಬಿಡುವ ವೀಟಾ ಗ್ಲಾಸ್ ಎಂಬ ಗಾಜು ಆಗ ತಾನೇ ಬಂದಿತ್ತು. ಜೋನ್ ಅದನ್ನು ಬಳಸಿದಳು. ಹಲ್ಲಿ, ಆಮೆ, ಮೊಸಳೆಗಳ ಎಲುಬಿಗೆ ಇದು ಬಹಳ ಮುಖ್ಯ.

ಜನ ಕತ್ತಲಲ್ಲಿ, ಹಾವು ಬೆಳಕಲ್ಲಿ. ಮತ್ಸ್ಯಾಲಯದಲ್ಲಿ ಇರುವಂತೆ ಗೂಡುಗಳಿಗೆ ಮೇಲಿನಿಂದ ಬೆಳಕು, ಜನ ನಡೆಯುವ ಹಾದಿ ಮಬ್ಬು. ಗಾಜಿನಲ್ಲಿ ನಮ್ಮ ಮುಖ ಕಾಣದೆ ಹಾವು ಸ್ಪಷ್ಟವಾಗಿ ಕಾಣುತ್ತದೆ.

ಅಡಗಲು, ಹತ್ತಲು, ಮುಳುಗಲು ಜಾಗ. ಆಯಾ ಪ್ರಾಣಿಯ ಊರಿನ ಬಂಡೆ, ಮಣ್ಣು, ಗಿಡದ ನೋಟ. ಇದು ಬರೀ ಶೃಂಗಾರಕ್ಕಲ್ಲ. ಅವಿತುಕೊಳ್ಳಲು ಜಾಗವಿಲ್ಲದ ಹಾವು ಸದಾ ಹೆದರಿಕೆಯಲ್ಲಿರುತ್ತದೆ. ಹೆದರಿದ ಹಾವು ಊಟ ಬಿಡುತ್ತದೆ, ಕಚ್ಚುತ್ತದೆ.

ಸುಮಾರು ಒಂದು ಶತಮಾನ ಕಾಲ ಆ ಕಟ್ಟಡ ಸರೀಸೃಪಗಳ ಮನೆಯಾಗಿಯೇ ಇತ್ತು. ಸಣ್ಣ ಸಣ್ಣ ಬದಲಾವಣೆ ಆದವು, ಮೂಲ ಲೆಕ್ಕ ಅವಳದ್ದೇ ಉಳಿಯಿತು.

ಮನೆ ಸರಿ ಇಲ್ಲದಿದ್ದರೆ ಏನಾಗುತ್ತದೆ?

ಇದು ಹಾವಿನ ಸುಖದ ಮಾತು ಮಾತ್ರ ಅಲ್ಲ, ಜನರ ಪ್ರಾಣದ ಮಾತು. 2013ರಲ್ಲಿ ಕೆನಡಾದ ಕ್ಯಾಂಪ್ಬೆಲ್ಟನ್ ಎಂಬ ಊರಿನಲ್ಲಿ ಒಂದು ಅಂಗಡಿಯ ಮೇಲಿನ ಮನೆಯಲ್ಲಿ ಆಫ್ರಿಕಾದ ದೊಡ್ಡ ಹೆಬ್ಬಾವನ್ನು ಇಟ್ಟಿದ್ದರು. ರಾತ್ರಿ ಅದು ಗೂಡಿನಿಂದ ಗಾಳಿಯ ಕೊಳವೆಯೊಳಗೆ ನುಸುಳಿತು. ಮಲಗಿದ್ದ ಇಬ್ಬರು ಚಿಕ್ಕ ಹುಡುಗರು ಬೆಳಗ್ಗೆ ಏಳಲಿಲ್ಲ. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದ ಬರ್ಮಾ ಹೆಬ್ಬಾವೊಂದು ರಾತ್ರಿ ತಪ್ಪಿಸಿಕೊಂಡು ಎರಡು ವರ್ಷದ ಮಗುವನ್ನು ಕೊಂದಿತು. ಎರಡೂ ಕಡೆ ಹಾವು ಸೇಡು ತೀರಿಸಿಕೊಳ್ಳಲಿಲ್ಲ, ಅಳತೆಯನ್ನೂ ತೆಗೆಯಲಿಲ್ಲ. ಗೂಡು ಭದ್ರವಾಗಿರಲಿಲ್ಲ, ಅಷ್ಟೇ.

ಹಾವು ಹೊರಗೆ ಹೋಗುವ ದಾರಿ ಹುಡುಕುತ್ತಲೇ ಇರುತ್ತದೆ. ತಲೆ ಹಿಡಿಸುವ ಕಡೆ ಮೈಯೂ ಹೆಚ್ಚಾಗಿ ಹಿಡಿಸುತ್ತದೆ. ಮುಚ್ಚಳದ ಮೇಲೆ ಕಲ್ಲು ಇಟ್ಟರೆ ದೊಡ್ಡ ಹೆಬ್ಬಾವು ಅದನ್ನು ನೂಕಿ ಬೀಳಿಸುತ್ತದೆ. ಅದಕ್ಕೇ ಮೃಗಾಲಯಗಳಲ್ಲಿ ಬೀಗ ಇರುವ ಬಾಗಿಲು, ಅದರಾಚೆ ಇನ್ನೊಂದು ಬಾಗಿಲು, ಗಾಳಿಯ ಪ್ರತಿ ಕಿಂಡಿಗೂ ಗಟ್ಟಿ ಜಾಲರಿ. ಎರಡನೇ ಮಹಾಯುದ್ಧ ಶುರುವಾದಾಗ, 1939ರಲ್ಲಿ, ಬಾಂಬು ಬಿದ್ದು ಗಾಜು ಒಡೆದರೆ ಏನು ಗತಿ ಎಂದು ಲಂಡನ್ ಮೃಗಾಲಯದವರು ತಮ್ಮ ವಿಷದ ಹಾವುಗಳನ್ನೇ ಕೊಂದುಬಿಟ್ಟರು. ಹೊಣೆ ಹೊತ್ತವರಿಗೆ ಆ ಭಯ ಅಷ್ಟು ದೊಡ್ಡದಿತ್ತು.

ಹೆಬ್ಬಾವು ಎಲುಬು ಮುರಿಯುತ್ತದಾ?

ಇದು ಇನ್ನೊಂದು ಹಳೆಯ ನಂಬಿಕೆ. ಹೆಬ್ಬಾವು ಸುತ್ತಿದರೆ ಎಲುಬು ಪುಡಿಯಾಗುತ್ತದೆ, ಇಲ್ಲವೇ ಉಸಿರು ಕಟ್ಟಿ ನಿಧಾನವಾಗಿ ಸಾಯುತ್ತಾರೆ ಎನ್ನುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೋವಾ ಹಾವುಗಳು ಇಲಿಯನ್ನು ಸುತ್ತಿದಾಗ ರಕ್ತದೊತ್ತಡ ಏನಾಗುತ್ತದೆ ಎಂದು ಅಳೆದು ನೋಡಿದರು. ಕೆಲವೇ ಸೆಕೆಂಡುಗಳಲ್ಲಿ ಅಪಧಮನಿಯ ಒತ್ತಡ ಕುಸಿಯಿತು, ರಕ್ತ ಓಡಾಡುವುದೇ ನಿಲ್ಲುತ್ತಾ ಬಂತು. ಹೃದಯ ಬಡಿದರೂ ರಕ್ತ ಮಿದುಳಿಗೆ ತಲುಪುವುದಿಲ್ಲ. ಅಂದರೆ ನಾವು ಅಂದುಕೊಂಡದ್ದಕ್ಕಿಂತ ಇದು ಬಹಳ ಬೇಗ ಆಗುತ್ತದೆ.

ಈಗ ಆ ಕೊರಳ ಹಾರದ ವಿಡಿಯೋ ಇನ್ನೊಮ್ಮೆ ನೆನಪಿಸಿಕೊಳ್ಳಿ. ಹಾವಿಗೆ ಸಿಟ್ಟು ಬರಬೇಕಿಲ್ಲ. ಜಾರಿ ಬೀಳುವ ಭಯಕ್ಕೆ ಬಿಗಿಯಾಗಿ ಹಿಡಿದುಕೊಂಡರೂ ಸಾಕು, ಕೊರಳಿನ ರಕ್ತನಾಳ ಒತ್ತಿಹೋಗುತ್ತದೆ. ಸಹಾಯಕ್ಕೆ ಕೂಗಲು ಧ್ವನಿಯೂ ಹೊರಡುವುದಿಲ್ಲ.

ದೊಡ್ಡ ಹಾವುಗಳ ಜೊತೆ ಕೆಲಸ ಮಾಡುವವರು ಪಾಲಿಸುವ ನಿಯಮಗಳು ಇವು:

– 8 ಅಡಿಗಿಂತ ಉದ್ದದ ಹಾವನ್ನು ಒಬ್ಬರೇ ಮುಟ್ಟುವುದಿಲ್ಲ. ಸುಮಾರು 4–5 ಅಡಿಗೆ ಒಬ್ಬರಂತೆ ಜನ ಬೇಕು.
– ಕೊರಳಿಗೆ, ಎದೆಗೆ ಸುತ್ತಿಕೊಳ್ಳುವುದಿಲ್ಲ. ಎಷ್ಟೇ ಸಾಧು ಹಾವಾದರೂ ಇಲ್ಲ.
– ಇಲಿ, ಕೋಳಿ ಮುಟ್ಟಿದ ಕೈಯಲ್ಲಿ ಹಾವನ್ನು ಮುಟ್ಟುವುದಿಲ್ಲ. ಹಾವಿಗೆ ವಾಸನೆಯೇ ಊಟದ ಗುರುತು.
– ಊಟ ಹಾಕುವುದು ಉದ್ದನೆಯ ಚಿಮಟಿಗೆಯಲ್ಲಿ. ಊಟವಾದ ಮೇಲೆ ಕೆಲವು ದಿನ ಎತ್ತುವುದಿಲ್ಲ.
– ಸುತ್ತಿಕೊಂಡರೆ ಬಾಲದ ತುದಿಯಿಂದ ಬಿಡಿಸುತ್ತಾ ಬರುತ್ತಾರೆ. ಮಧ್ಯದಲ್ಲಿ ಹಿಡಿದು ಎಳೆದರೆ ಬಿಗಿ ಹೆಚ್ಚಾಗುತ್ತದೆ.
– ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುತ್ತಾರೆ. ಸರೀಸೃಪಗಳ ಮೈಮೇಲೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಇರಬಹುದು.

ಈ ಪಟ್ಟಿ ಇರುವುದು ಮೃಗಾಲಯ ಮತ್ತು ರಕ್ಷಣಾ ಕೇಂದ್ರದವರಿಗೆ. ಮನೆಯಲ್ಲಿ ಪ್ರಯೋಗ ಮಾಡಲು ಅಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಡ್ರ್ಯಾಗನ್ ಜೊತೆ ನಡೆದಾಡಿದವಳು

ಜೋನ್ ದೊಡ್ಡ ಹೆಬ್ಬಾವುಗಳನ್ನು, ಮೊಸಳೆಗಳನ್ನು ತಾನೇ ಹಿಡಿದು ಪರೀಕ್ಷೆ ಮಾಡುತ್ತಿದ್ದಳು. ಅವುಗಳ ಕಾಯಿಲೆಗೆ ಔಷಧ ಮಾಡುತ್ತಿದ್ದಳು. ಪತ್ರಿಕೆಗಳಿಗೆ ಇದು ಹಬ್ಬ. ದುರ್ಬಲ ಮೈಯ ಯುವತಿ, ಕೈಯಲ್ಲಿ ಹೆಬ್ಬಾವು. ಅವಳ ಹೆಸರು ಮನೆಮಾತಾಯಿತು.

1927ರಲ್ಲಿ ಇಂಡೋನೇಷ್ಯಾ ಕಡೆಯಿಂದ ಎರಡು ಕೊಮೊಡೊ ಡ್ರ್ಯಾಗನ್‌ಗಳು ಲಂಡನ್ನಿಗೆ ಬಂದವು. ನಮ್ಮ ಉಡದ ಜಾತಿಯದ್ದೇ, ಆದರೆ ಜಗತ್ತಿನಲ್ಲೇ ಅತಿ ದೊಡ್ಡದು. ಪಾಶ್ಚಾತ್ಯ ವಿಜ್ಞಾನಕ್ಕೆ ಅದರ ಪರಿಚಯವಾದದ್ದೇ 1912ರಲ್ಲಿ. ಭಯಂಕರ ಪ್ರಾಣಿ ಎಂದು ಹೆಸರಾಗಿತ್ತು. ಅವುಗಳಲ್ಲಿ ಸುಂಬಾವಾ ಎಂಬ ಹೆಸರಿನದು ಜೋನ್ ಆರೈಕೆಯಲ್ಲಿ ಎಷ್ಟು ಒಗ್ಗಿಕೊಂಡಿತೆಂದರೆ ಅವಳ ಜೊತೆ ಮೃಗಾಲಯದಲ್ಲಿ ಓಡಾಡುತ್ತಿತ್ತು. 1928ರ ಅಕ್ಟೋಬರಿನಲ್ಲಿ ವಿಜ್ಞಾನಿಗಳ ಸಭೆಗೆ ಅದನ್ನು ಕರೆದೊಯ್ದು, ಎಲ್ಲರ ಮುಂದೆ ಊಟ ಹಾಕಿ, ಅದರ ಬಗ್ಗೆ ಪ್ರಬಂಧ ಮಂಡಿಸಿದಳು.

ಇಲ್ಲಿ ನಾವು ಎಚ್ಚರ ತಪ್ಪಬಾರದು. ಈ ಕಥೆಯನ್ನೇ ಯಾರಾದರೂ ನಾಳೆ ಫಾರ್ವರ್ಡ್ ಮಾಡಿದರೆ ಪ್ರೀತಿ ಕೊಟ್ಟರೆ ಕಾಡುಪ್ರಾಣಿಯೂ ನಾಯಿಯಾಗುತ್ತದೆ ಎಂಬ ನೀತಿ ಅಂಟಿಸುತ್ತಾರೆ. ಜೋನ್ ಮಾಡಿದ್ದು ಅದಲ್ಲ. ಆ ಪ್ರಾಣಿಗೆ ಹಸಿವಿರಲಿಲ್ಲ, ಚಳಿ ಇರಲಿಲ್ಲ, ಭಯ ಇರಲಿಲ್ಲ. ಅದನ್ನು ದಿನವೂ ಗಮನಿಸುವ, ಮೈಭಾಷೆ ಓದಬಲ್ಲ ವಿಜ್ಞಾನಿ ಪಕ್ಕದಲ್ಲಿದ್ದಳು, ಹಿಂದೆ ಒಂದು ಸಂಸ್ಥೆ ಇತ್ತು. ಒಂದು ಪ್ರಾಣಿ ಒಗ್ಗಿಕೊಂಡಿತು ಅಂದರೆ ಆ ಜಾತಿಯೇ ಸಾಧು ಅಂತಲ್ಲ. ಹಾವುಗಳು ಮನುಷ್ಯನ ಮುಟ್ಟುವಿಕೆಗೆ ಒಗ್ಗಿಕೊಳ್ಳುತ್ತವೆ, ಅದನ್ನು ನಾಯಿಯ ಪ್ರೀತಿಯ ಜೊತೆ ಹೋಲಿಸುವುದು ನಮ್ಮ ಆಸೆ.

ಕೊನೆಯ ವರ್ಷಗಳು

ಕಾಯಿಲೆ ಮಾತ್ರ ಬಿಡಲಿಲ್ಲ. ನೋವು ಹೆಚ್ಚಾಗುತ್ತಾ ಹೋಯಿತು. ನಡೆಯಲು ಕಷ್ಟವಾದಾಗ ಮೋಟಾರಿನ ಗಾಲಿಕುರ್ಚಿಯಲ್ಲಿ ಮೃಗಾಲಯ ಸುತ್ತಿ ಕೆಲಸ ನೋಡುತ್ತಿದ್ದಳು. ಡಿಗ್ರಿ ಇಲ್ಲದ ಅವಳಿಗೆ 1931ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ತೀರಿಕೊಂಡಳು.

ಅವಳ ನೆನಪಿಗೆ ಪ್ರತಿಮೆ ಆಯಿತು. ಟಾಂಜಾನಿಯಾದ ಕಾಡಿನ ಒಂದು ಹಾವಿಗೆ ಅವಳ ಹೆಸರಿದೆ. ಇಷ್ಟು ಹಾವುಗಳ ನಡುವೆ ಬದುಕಿದವಳನ್ನು ಕೊಂದದ್ದು ಹಾವಲ್ಲ, ಹುಟ್ಟಿದಾರಭ್ಯ ಕಾಡಿದ ಕಾಯಿಲೆ. ಧೈರ್ಯಕ್ಕಿಂತ ಅವಳ ಶಿಸ್ತೇ ಅವಳನ್ನು ಕಾಯಿತು.

ಸರಿ, ನಮಗೆ ಇದರಿಂದ ಏನು?

ಮೊದಲನೆಯದು ಕಾನೂನು. ನಮ್ಮ ದೇಶದ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ವಿಡಿಯೋ ಹಾಕಿದರೆ ಅದೇ ಸಾಕ್ಷಿ. ವಿದೇಶಿ ಹಾವುಗಳಿಗೂ ಈಗ ಲೆಕ್ಕ ಇದೆ. ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಎರಡನೆಯದು ಕಳ್ಳಸಾಗಣೆ. ಇದು ದೂರದ ಮಾತಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ 6 ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಚೀಲದಲ್ಲಿ 10 ಹಳದಿ ಅನಕೊಂಡ. ಸೂಟ್‌ಕೇಸಿನಲ್ಲಿ ಮಡಚಿ ತಂದ ಹಾವಿಗೆ ಬಿಸಿಯ ಮೂಲೆಯೂ ಇಲ್ಲ, ತಂಪಿನ ಮೂಲೆಯೂ ಇಲ್ಲ. ಮುದ್ದಾದ ಮರಿ ಹಾವಿನ ರೀಲ್ಸ್‌ಗೆ ನಾವು ಒತ್ತುವ ಲೈಕ್ ಈ ವ್ಯಾಪಾರಕ್ಕೆ ಗಿರಾಕಿ ಹುಡುಕಿಕೊಡುತ್ತದೆ. ಇನ್ನೊಂದು ಮಾತು. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ. ಹೊರದೇಶದ ವಿಷದ ಹಾವು ಕಚ್ಚಿದರೆ ಇಲ್ಲಿ ಅದಕ್ಕೆ ತಕ್ಕ ಮದ್ದು ಸಿಗುವುದು ಕಷ್ಟ.

ಮೂರನೆಯದು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯ. ತೊಗರಿ ಹೊಲದಲ್ಲಿ, ಕಬ್ಬಿನ ಸಾಲಿನಲ್ಲಿ, ನಿಂಬೆ ತೋಟದಲ್ಲಿ ದಪ್ಪನೆಯ, ಕಂದು ಮೈಯ, ಚುಕ್ಕೆ ಇರುವ ಹಾವು ಕಂಡರೆ ಹುಡುಗರು ಅದನ್ನು ಹೆಬ್ಬಾವಿನ ಮರಿ ಅಂದುಕೊಂಡು ಕೈ ಹಾಕುತ್ತಾರೆ. ವಿಷ ಇಲ್ಲ ಎಂಬ ಧೈರ್ಯ. ಅದು ಹೆಚ್ಚಿನ ಸಲ ಕೊಳಕುಮಂಡಲ ಆಗಿರುತ್ತದೆ. ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ಹಾವುಗಳಲ್ಲಿ ಅದೂ ಒಂದು.

ವ್ಯತ್ಯಾಸ ಹೀಗಿದೆ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯಂತೆ ಸಾಲಾಗಿ ಮೊಟ್ಟೆ ಆಕಾರದ ಕಲೆಗಳು, ಮೂರು ಸಾಲು. ತಲೆ ತ್ರಿಕೋನ, ಕತ್ತು ಸಣ್ಣ. ಹುರುಪೆ ಒರಟು. ಕೆಣಕಿದರೆ ಕುಕ್ಕರ್ ಸೀಟಿಯಂತೆ ಜೋರಾಗಿ ಬುಸುಗುಡುತ್ತದೆ. ಹೆಬ್ಬಾವಿನ ಕಲೆಗಳು ಹರಿದ ಬಟ್ಟೆಯ ತೇಪೆಗಳಂತೆ ಅಡ್ಡಾದಿಡ್ಡಿ, ಮೈ ನುಣುಪು, ಹೊಳಪು. ಆದರೆ ಈ ಗುರುತು ಓದಿ ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ. ದೂರದಿಂದಲೇ ಕೊಳಕುಮಂಡಲ ಎಂದೇ ತಿಳಿದು ಹಿಂದೆ ಸರಿಯಿರಿ. ತಪ್ಪಾದರೆ ನಷ್ಟವಿಲ್ಲ.

ಇದರ ಜೊತೆ ಎರಡು ತಲೆ ಹಾವಿನ ಕೋಟಿ ರೂಪಾಯಿ ಕಥೆ ಬಂದರೂ ನಂಬಬೇಡಿ. ಅದು ಮಣ್ಣುಮುಕ್ಕ ಹಾವು. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೇ. ಅದಕ್ಕೂ ಕಾನೂನಿನ ರಕ್ಷಣೆ ಇದೆ. ಹಣ ಮಾಡುವವರು ಮೋಸಗಾರರು, ಜೈಲಿಗೆ ಹೋಗುವವರು ಹಿಡಿದವರು.

ಹಾವು ಕಂಡರೆ, ಕಚ್ಚಿದರೆ

ಮನೆಯಲ್ಲಿ, ಹೊಲದಲ್ಲಿ ದೊಡ್ಡ ಹಾವು ಕಂಡರೆ ಮಕ್ಕಳನ್ನು, ದನಕರುಗಳನ್ನು ದೂರ ಮಾಡಿ. ಹಾವು ಎಲ್ಲಿ ಹೋಗುತ್ತದೆ ಎಂದು ದೂರದಿಂದ ಕಣ್ಣಿಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ನಮ್ಮ ಹಿರಿಯರು ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಹೆಸರು ಏನೇ ಇರಲಿ, ಮುಟ್ಟಿದರೆ ಮಾಡಬೇಕಾದದ್ದು ಒಂದೇ. ಕೂಡಿಸಿ, ಕಚ್ಚಿದ ಕೈಕಾಲು ಅಲ್ಲಾಡದಂತೆ ನೋಡಿಕೊಳ್ಳಿ, ಉಂಗುರ ಬಳೆ ತೆಗೆಯಿರಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಓಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಬೇರು ಅರೆದು ಹಚ್ಚುವುದು ಬೇಡ. ಹಾವನ್ನು ಹಿಡಿದು ತರುವ ಅಗತ್ಯವೂ ಇಲ್ಲ. ಹೆಬ್ಬಾವು ಕಚ್ಚಿದರೂ ಅದರ ಹಲ್ಲು ಹಿಂದಕ್ಕೆ ಬಾಗಿ ಚೂಪಾಗಿರುವುದರಿಂದ ಗಾಯ ಆಳವಾಗಿರುತ್ತದೆ. ತೊಳೆದು, ಟಿಟಿ ಚುಚ್ಚುಮದ್ದಿಗೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ನಮ್ಮ ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಸೇರಿಸಿತು. ಇಷ್ಟು ದೊಡ್ಡ ಸಮಸ್ಯೆ ನಮ್ಮ ಹೊಲದಲ್ಲೇ ಇರುವಾಗ, ಯಾರದೋ ಹಾಸಿಗೆಯ ಸುಳ್ಳು ಹೆಬ್ಬಾವಿಗೆ ಹೆದರಿ, ಎದುರಿಗಿರುವ ನಿಜವಾದ ಕೊಳಕುಮಂಡಲಕ್ಕೆ ಕೈ ಚಾಚುತ್ತಿದ್ದೇವೆ.

ಕಾಕಾ ಅವರಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಅಳತೆ ಕಥೆ ಸುಳ್ಳಾದರೂ ನೀತಿ ಚೆನ್ನಾಗಿತ್ತಲ್ಲ ಎಂದು ನಕ್ಕರು. ಆಮೇಲೆ ಕೊಳಕುಮಂಡಲದ ಗುರುತುಗಳನ್ನು ಬರೆದು ಕಳಿಸು, ತೋಟದ ಕೆಲಸಕ್ಕೆ ಬರುವವರ ಗುಂಪಿಗೆ ಹಾಕುತ್ತೇನೆ ಎಂದರು. ಈ ಲೇಖನ ಬರೆದದ್ದು ಅದಕ್ಕೇ. ನಿಮ್ಮ ಗುಂಪಿಗೂ ಆ ಹೆಬ್ಬಾವು ಬಂದಿದ್ದರೆ, ಅದರ ಕೆಳಗೆ ಇದನ್ನು ಹಾಕಿ.